2011ರ ಸಿನಿಮಾ ಕೊರೊನಾ ಬರುತ್ತದೆಂದು ಮೊದಲೇ ಹೇಳಿತ್ತೇ?

"ಮನೆಯಲ್ಲೇ ಕೂತು ಬೇಜಾರಾ? ಈ ಸಿನಿಮಾ ನೋಡಿ. 2011ರಲ್ಲೇ ಕೊರೊನಾ ಬಗ್ಗೆ ಎಲ್ಲ ತೋರಿಸಿದ್ದಾರೆ. ಅಂದರೆ ಎಲ್ಲವೂ ಪ್ಲ್ಯಾನ್!"

ಲಾಕ್‌ಡೌನ್ ದಿನಗಳಲ್ಲಿ ಇಂಥದ್ದೊಂದು ಮೆಸೇಜ್ ನಿಮಗೂ ಬಂದಿರಬಹುದು. ಜೊತೆಗೆ ಎರಡು ನಿಮಿಷದ ವಿಡಿಯೊ ತುಣುಕು. ಸಿನಿಮಾದ ಹೆಸರು 'ಕಾಂಟೇಜಿಯನ್'. 2020ರ ಆರಂಭದಲ್ಲಿ, ಬಿಡುಗಡೆಯಾಗಿ ಎಂಟು ವರ್ಷ ದಾಟಿದ್ದ ಈ ಚಿತ್ರವನ್ನು ಜಗತ್ತಿನಾದ್ಯಂತ ಜನ ಹುಡುಕಿ ಹುಡುಕಿ ನೋಡಿದರು. ಮುಂದೆ ಲಸಿಕೆ ಬಂದಾಗ ಅದೇ ತುಣುಕು "ಲಸಿಕೆಯೂ ಪ್ಲ್ಯಾನಿನ ಭಾಗ, ಹಾಕಿಸಿಕೊಳ್ಳಬೇಡಿ" ಎಂಬ ಸಾಲಿನೊಂದಿಗೆ ಮತ್ತೆ ಓಡಾಡಿತು. ನಮ್ಮ ಕುಟುಂಬದ ಗುಂಪಿನಲ್ಲೇ ಒಬ್ಬ ಹಿರಿಯರು ಅದನ್ನು ನಂಬಿ ತಿಂಗಳುಗಟ್ಟಲೆ ಲಸಿಕೆ ಮುಂದೂಡಿದ್ದರು. ಸಿನಿಮಾ ತಾನೇ ಎಂದು ಬಿಡುವಂತಿಲ್ಲ.

ಹಾಗಾದರೆ ಈ ಸಿನಿಮಾ ನಿಜವಾಗಿಯೂ ಭವಿಷ್ಯ ಹೇಳಿತ್ತೇ? ಇಲ್ಲ. ಅದು ಹೇಳಿದ್ದು ಆಗಲೇ ನಡೆದುಹೋಗಿದ್ದ ಸಂಗತಿಗಳನ್ನು.

ನಿರ್ದೇಶಕ ಸ್ಟೀವನ್ ಸೋಡರ್‌ಬರ್ಗ್ ಮತ್ತು ಕಥೆ ಬರೆದ ಸ್ಕಾಟ್ ಬರ್ನ್ಸ್ ಸಾಂಕ್ರಾಮಿಕ ರೋಗಗಳ ತಜ್ಞರನ್ನು ಜೊತೆಗಿಟ್ಟುಕೊಂಡೇ ಕೆಲಸ ಮಾಡಿದರು. ಅವರಲ್ಲಿ ಒಬ್ಬರು ಕೊಲಂಬಿಯಾ ವಿಶ್ವವಿದ್ಯಾಲಯದ ವೈರಾಣು ವಿಜ್ಞಾನಿ ಇಯಾನ್ ಲಿಪ್ಕಿನ್. ಇನ್ನೊಬ್ಬರು ಲ್ಯಾರಿ ಬ್ರಿಲಿಯಂಟ್. 1970ರ ದಶಕದಲ್ಲಿ ನಮ್ಮ ದೇಶದಲ್ಲೇ ಸಿಡುಬು ನಿರ್ಮೂಲನೆಗೆ ದುಡಿದ ವೈದ್ಯ ಇವರು.

ಚಿತ್ರದಲ್ಲಿರುವುದು ಕೊರೊನಾ ಅಲ್ಲ, 'ಎಂಇವಿ-1' ಎಂಬ ಕಾಲ್ಪನಿಕ ವೈರಸ್. ಅದಕ್ಕೆ ಮಾದರಿ ನಿಪಾ. 1998-99ರಲ್ಲಿ ಮಲೇಷ್ಯಾದಲ್ಲಿ ಹಂದಿ ಸಾಕುವ ಕೊಟ್ಟಿಗೆಗಳ ಪಕ್ಕದಲ್ಲೇ ಹಣ್ಣಿನ ಮರಗಳಿದ್ದವು. ಬಾವಲಿಗಳು ಕಚ್ಚಿ ಬೀಳಿಸಿದ ಹಣ್ಣುಗಳ ಮೂಲಕ ಹಂದಿಗಳಿಗೆ, ಹಂದಿಗಳಿಂದ ಅವನ್ನು ಸಾಕುವವರಿಗೆ ನಿಪಾ ಹಬ್ಬಿತು. ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಲ್ಲಬೇಕಾಯಿತು. 2003ರಲ್ಲಿ ಹಾಂಗ್‌ಕಾಂಗ್‌ನ ಒಂದು ಹೋಟೆಲ್‌ನಲ್ಲಿ ತಂಗಿದ್ದ ಅತಿಥಿಗಳ ಜೊತೆ ಸಾರ್ಸ್ ರೋಗ ವಿಮಾನ ಹತ್ತಿ ಹಲವು ದೇಶಗಳಿಗೆ ಹೋಯಿತು. 2009ರಲ್ಲಿ ಎಚ್1ಎನ್1 ಬಂತು. ಇವನ್ನೆಲ್ಲ ಕಣ್ಣಾರೆ ಕಂಡ ತಜ್ಞರು ಮುಂದಿನ ರೋಗ ಹೇಗಿರಬಹುದು ಎಂದು ಅಂದಾಜು ಹೇಳುವುದರಲ್ಲಿ ಪವಾಡ ಏನಿದೆ? ಮೋಡ ಕಟ್ಟಿದ್ದನ್ನು ನೋಡಿ ಮಳೆ ಬರುತ್ತದೆ ಎಂದವನು ಮಳೆ ತಂದವನಲ್ಲ.

ಇನ್ನು ತಪ್ಪಾಗಿದ್ದೂ ಇದೆ. ಚಿತ್ರದ ವೈರಸ್ ತಗುಲಿದ ನಾಲ್ವರಲ್ಲಿ ಒಬ್ಬರಾದರೂ ಸಾಯುತ್ತಾರೆ. ಕೋವಿಡ್‌ನಲ್ಲಿ ಈ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ. ಚಿತ್ರದಲ್ಲಿ ಸೋಂಕು ತಗುಲಿದವರು ಬೇಗನೆ ಹಾಸಿಗೆ ಹಿಡಿಯುತ್ತಾರೆ. ಕೋವಿಡ್‌ನ ನಿಜವಾದ ತಲೆನೋವೇ ಬೇರೆ: ಕೆಮ್ಮು, ಜ್ವರ ಏನೂ ಇಲ್ಲದೆ ಓಡಾಡುತ್ತಿದ್ದವರೂ ರೋಗ ಹರಡುತ್ತಿದ್ದರು. ಎಲ್ಲ ಮೊದಲೇ ಗೊತ್ತಿದ್ದವರು ಇಷ್ಟು ಮುಖ್ಯವಾದ ಸಂಗತಿಯನ್ನೇ ಬಿಡುತ್ತಿದ್ದರೇ?

ಫಾರ್ವರ್ಡ್‌ನ ತುಣುಕಿನಲ್ಲಿ ಚಿತ್ರದ ಕೊನೆಯ ದೃಶ್ಯ ಇರುವುದೇ ಇಲ್ಲ (ನೋಡದವರು ಕ್ಷಮಿಸಿ, ಕಥೆ ಹೇಳಿಬಿಡುತ್ತೇನೆ). ಬುಲ್ಡೋಜರ್ ಕಾಡಿನ ಮರ ಉರುಳಿಸುತ್ತದೆ. ನೆಲೆ ತಪ್ಪಿದ ಬಾವಲಿ ಹಾರಿಬಂದು, ಕಚ್ಚಿದ ಬಾಳೆಹಣ್ಣಿನ ತುಂಡನ್ನು ಹಂದಿ ಕೊಟ್ಟಿಗೆಗೆ ಬೀಳಿಸುತ್ತದೆ. ಅದನ್ನು ತಿಂದ ಹಂದಿ ಅಡುಗೆಮನೆಗೆ ಬರುತ್ತದೆ. ಬಾಣಸಿಗ ಕೈ ತೊಳೆಯದೆ, ಏಪ್ರನ್‌ಗೆ ಒರೆಸಿಕೊಂಡು ಅತಿಥಿಯ ಕೈ ಕುಲುಕುತ್ತಾನೆ. ಯಾವ ಲ್ಯಾಬೂ ಇಲ್ಲ, ಯಾವ ಸಂಚೂ ಇಲ್ಲ. ಸಂಚಿಗೆ ಸಾಕ್ಷಿ ಎಂದು ಹಂಚುವ ಚಿತ್ರವೇ ಸಂಚಿಲ್ಲದ ಕಥೆ ಹೇಳುತ್ತದೆ! ಕೊರೊನಾ ಮೂಲದ ಚರ್ಚೆ ಬೇರೆ, ಅದನ್ನು ವಿಜ್ಞಾನಿಗಳು ನಡೆಸಲಿ. ಈ ಸಿನಿಮಾ ಮಾತ್ರ ಯಾವ ಪಕ್ಷಕ್ಕೂ ಸಾಕ್ಷಿಯಲ್ಲ.

ಕೊರಿಯಾದ ಸೀರಿಯಲ್‌ನಲ್ಲಿ 'ಕೊರೊನಾ' ಎಂದೇ ಹೇಳಿದ್ದಾರಲ್ಲ?

ಹೌದು, 2018ರ 'ಮೈ ಸೀಕ್ರೆಟ್ ಟೆರಿಯಸ್' ಎಂಬ ಧಾರಾವಾಹಿಯ ಒಂದು ದೃಶ್ಯದಲ್ಲಿ ಆ ಹೆಸರು ಬರುತ್ತದೆ. ಆದರೆ ಕೊರೊನಾ ಎಂಬುದು ಒಂದೇ ವೈರಸ್‌ನ ಹೆಸರಲ್ಲ, ಒಂದು ದೊಡ್ಡ ಕುಟುಂಬದ ಹೆಸರು. ವಿಜ್ಞಾನಿಗಳಿಗೆ ಅದು 1960ರ ದಶಕದಿಂದಲೇ ಪರಿಚಿತ. ಸಾರ್ಸ್ ಆ ಕುಟುಂಬದ್ದೇ, ಮರ್ಸ್ ಕೂಡ. 2015ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮರ್ಸ್ ಹಬ್ಬಿ 186 ಜನರಿಗೆ ತಗುಲಿತು, 38 ಮಂದಿ ಸತ್ತರು. ಮೂರು ವರ್ಷದ ನಂತರ ಅಲ್ಲಿನ ಸೀರಿಯಲ್ ಬರೆಯುವವರಿಗೆ ಆ ಹೆಸರು ನೆನಪಿತ್ತು, ಅಷ್ಟೇ.

ಹಾಗಾದರೆ ನೋಡುವುದು ಬೇಡವೇ?

ಖಂಡಿತ ನೋಡಿ. ಆದರೆ ತುಣುಕಲ್ಲ, ಪೂರ್ತಿ. ಅದರಲ್ಲಿ ಜೂಡ್ ಲಾ ಮಾಡಿರುವ ಬ್ಲಾಗರ್‌ನ ಪಾತ್ರವನ್ನು ಗಮನಿಸಿ. ತನಗೂ ಸೋಂಕು ಬಂದಿದೆ, ಫೋರ್ಸಿಥಿಯಾ ಎಂಬ ಗಿಡದ ಔಷಧದಿಂದ ವಾಸಿಯಾಯಿತು ಎಂದು ಅವನು ಕ್ಯಾಮೆರಾ ಮುಂದೆ ಹೇಳುತ್ತಾನೆ. ಜನ ಔಷಧಿ ಅಂಗಡಿಗೆ ಮುಗಿಬೀಳುತ್ತಾರೆ. ಅವನು ದುಡ್ಡು ಮಾಡಿಕೊಳ್ಳುತ್ತಾನೆ. ಕೊನೆಗೆ ರಕ್ತ ಪರೀಕ್ಷೆ ಮಾಡಿದರೆ ಅವನಿಗೆ ರೋಗ ಬಂದೇ ಇರಲಿಲ್ಲ! ಕಷಾಯ, ಹಬೆ, ಗುಳಿಗೆ ಅಂತ ನಮ್ಮ ಫೋನ್‌ಗಳಿಗೆ ಬಂದದ್ದೆಲ್ಲ ನೆನಪಾಗದೆ ಇರದು.

ನನ್ನನ್ನು ಕೇಳಿದರೆ ಇದಕ್ಕಿಂತ ಮೊದಲು ನೋಡಬೇಕಾದದ್ದು 2019ರ ಮಲಯಾಳಂ ಚಿತ್ರ 'ವೈರಸ್'. ನಿರ್ದೇಶಕ ಆಶಿಕ್ ಅಬು. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಬಂದಾಗ ನಡೆದದ್ದೇ ಕಥೆ. ಅಲ್ಲಿ ರೋಗ ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ. ರೋಗಿಗಳನ್ನು ನೋಡಿಕೊಂಡ ನರ್ಸ್ ಲಿನಿ ಕೂಡ ಉಳಿಯಲಿಲ್ಲ. ಯಾರು ಯಾವ ದಿನ ಯಾರ ಪಕ್ಕದಲ್ಲಿದ್ದರು ಎಂದು ಒಬ್ಬೊಬ್ಬರನ್ನೇ ಕೇಳಿ, ಸೋಂಕಿನ ಸರಪಳಿ ಹುಡುಕುವುದೇ ಚಿತ್ರದ ಜೀವಾಳ. ಇದರಲ್ಲಿ ನಮ್ಮ ನಾಡಿನ ಪಾಲೂ ಇದೆ: ಆ ರೋಗಿಗಳ ಮಾದರಿಗಳಲ್ಲಿ ನಿಪಾವನ್ನು ಮೊದಲು ಗುರುತಿಸಿದ್ದು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರ. ಆಮೇಲೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಖಚಿತಪಡಿಸಿತು.

ಎರಡೂ ಚಿತ್ರಗಳಲ್ಲಿ ನರಳಾಟದ ದೃಶ್ಯಗಳಿವೆ, ಮಕ್ಕಳು ಮಲಗಿದ ಮೇಲೆ ಹಾಕಿಕೊಳ್ಳಿ. ನೀವು ಮನೆಯಲ್ಲೇ ಉಳಿದಿರುವುದು ಜ್ವರದಿಂದಾದರೆ ಮಾತ್ರ ಇವೆರಡೂ ಬೇಡ. ಪ್ರತಿ ಕೆಮ್ಮಿಗೂ ಎದೆ ಧಸಕ್ಕೆನ್ನುತ್ತದೆ. ಆ ದಿನಕ್ಕೆ ಯಾವುದಾದರೂ ಹಳೆಯ ಹಾಸ್ಯ ಚಿತ್ರ ಸಾಕು.