ಜೇಬುಚಾಕು

ಜೇಬುಚಾಕು ಎಂದರೆ ಅಲಗನ್ನು ಹಿಡಿಯೊಳಕ್ಕೆ ಮಡಿಚಿ ಜೇಬಿನಲ್ಲಿ ಅಥವಾ ಚೀಲದಲ್ಲಿ ಒಯ್ಯಬಹುದಾದ ಚಿಕ್ಕ ಚಾಕು. ಹಗ್ಗ ಕತ್ತರಿಸುವುದು, ಹಣ್ಣು ಹೆಚ್ಚುವುದು, ಚೀಲದ ಹೊಲಿಗೆ ಬಿಚ್ಚುವುದು, ಪೆನ್ಸಿಲ್ ಕೆತ್ತುವುದು ಮುಂತಾದ ದಿನನಿತ್ಯದ ಕೆಲಸಗಳಿಗೆ ಇದನ್ನು ಬಳಸುತ್ತಾರೆ. ಇದು ಉಪಕರಣವೇ ಹೊರತು ಆಯುಧವಲ್ಲ. ಇದರ ಆಯ್ಕೆ, ಒಯ್ಯುವಿಕೆ ಹಾಗೂ ಕಾನೂನುಬದ್ಧತೆಗಳಲ್ಲಿ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

ಇತಿಹಾಸ

ಆಸ್ಟ್ರಿಯದ ಹಾಲ್‌ಸ್ಟಾಟ್‌ನಲ್ಲಿ ದೊರೆತ ಮಡಿಚುವ ಚಾಕು ಕ್ರಿ.ಪೂ. 600–500ರ ಕಾಲದ್ದೆಂದು ಗುರುತಿಸಲಾಗಿದೆ. ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಅಗ್ಗದ ರೈತಚಾಕುವನ್ನು ರೂಪಿಸಿದನು. ಕಾರ್ಲ್ ಎಲ್ಸೆನರ್ 1891ರಲ್ಲಿ ಸ್ವಿಸ್ ಸೇನೆಗೆ ಚಾಕುಗಳನ್ನು ಪೂರೈಸತೊಡಗಿದನು. ಅವನು 1897ರಲ್ಲಿ ತಂದ ಬಹೂಪಯೋಗಿ ಮಾದರಿಯೇ ಮುಂದೆ ‘ಸ್ವಿಸ್ ಆರ್ಮಿ ಚಾಕು’ ಎಂದು ಪ್ರಸಿದ್ಧವಾಯಿತು.

ಮಲೆನಾಡಿನಲ್ಲಿ

ಹೆಗ್ಗೋಡು ಸೇರಿದಂತೆ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಅಡಕೆ ಬೆಳೆಯುವ ಪ್ರದೇಶಗಳು. ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಬೇರೆ ಅಲಗು ಬಳಕೆಯಲ್ಲಿದೆ.

• ಅಡಕತ್ತರಿ: ಎಲೆ, ಅಡಕೆ ಮತ್ತು ಸುಣ್ಣದ ಡಬ್ಬಿಯೊಂದಿಗೆ ಕವಳದ ಸಂಚಿಯಲ್ಲಿ ಇರುವಂಥದ್ದು. ಜೇಬುಚಾಕುವಿಗೆ ಅತ್ಯಂತ ಹತ್ತಿರದ ಸ್ಥಳೀಯ ಸಾಧನ ಇದೇ. ಎರಡು ಕೈಗಳ ನಡುವೆ ಅಡಕೆಯನ್ನು ಒತ್ತಿ ಕತ್ತರಿಸುವುದರಿಂದ ಜಾರುವ ಭಯ ಕಡಿಮೆ.
• ಸೊಂಟದ ಕತ್ತಿ: ತೋಟಕ್ಕೆ ಹೋಗುವವರು ಇದನ್ನು ಸೊಂಟಕ್ಕೆ ಕಟ್ಟಿದ ಕೊಕ್ಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಮರವೇರುವ ಕೊನೆಗೌಡನಿಗೆ ಎರಡು ಕೈಗಳೂ ಬಿಡುವಾಗಿರಬೇಕಾದ್ದರಿಂದ ಕತ್ತಿಯನ್ನು ಕೈಯಲ್ಲಿ ಹಿಡಿದು ಏರುವಂತಿಲ್ಲ.
• ಮೆಟ್ಟುಗತ್ತಿ: ಮಣೆಗೆ ನಿಲ್ಲಿಸಿದ ಅಲಗು. ಇದರಲ್ಲಿ ಅಡಕೆಯ ಸಿಪ್ಪೆ ಸುಲಿಯುತ್ತಾರೆ. ಇದು ಒಯ್ಯುವ ಸಾಧನವಲ್ಲ.

ಹೀಗಾಗಿ ಈ ಭಾಗದಲ್ಲಿ ಜೇಬುಚಾಕು ಕತ್ತಿಯ ಬದಲಿಯಲ್ಲ. ಬಳ್ಳಿ ಕತ್ತರಿಸುವುದು, ಗೊಬ್ಬರದ ಚೀಲ ಬಿಚ್ಚುವುದು, ಕಸಿಯ ಪಟ್ಟಿ ಕತ್ತರಿಸುವುದು ಮೊದಲಾದ ಸಣ್ಣ ಕೆಲಸಗಳಿಗೆ ಮಾತ್ರ ಸಲ್ಲುತ್ತದೆ. ಕೊಡಗಿನ ಪೀಚೆಕತ್ತಿ ಇವೆಲ್ಲಕ್ಕಿಂತ ಭಿನ್ನವಾದುದು. ಅದು ಕೊಡವರ ಸಾಂಪ್ರದಾಯಿಕ ಉಡುಗೆಯ ಅಂಗ.

ಆಯ್ಕೆ

ಉಕ್ಕು: ಇಂಗಾಲದ ಉಕ್ಕು ಸುಲಭವಾಗಿ ಹರಿತಗೊಳ್ಳುತ್ತದೆ, ಆದರೆ ಬೇಗ ತುಕ್ಕು ಹಿಡಿಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗಿಂತ ಹೆಚ್ಚು. ಇಂತಹ ತೇವದಲ್ಲಿ ಒರೆಸದೆ ಇಟ್ಟ ಅಲಗು ಒಂದೇ ರಾತ್ರಿಯಲ್ಲಿ ಕೆಂಪಾಗಬಹುದು. ಹಸಿ ಅಡಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಕಪ್ಪು ಕಲೆಯನ್ನು ಉಂಟುಮಾಡುತ್ತದೆ. ಕನಿಷ್ಠ 10.5% ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಉಕ್ಕು ಇವೆರಡನ್ನೂ ಹೆಚ್ಚು ತಾಳಿಕೊಳ್ಳುತ್ತದೆ.

ಅಲಗಿನ ಉದ್ದ: ನಿತ್ಯದ ಕೆಲಸಕ್ಕೆ 6ರಿಂದ 8 ಸೆಂ.ಮೀ. ಉದ್ದದ ಅಲಗು ಸಾಕಾಗುತ್ತದೆ.

ಬಂಧ: ಕೆಲವು ಚಾಕುಗಳಲ್ಲಿ ಹಿಂಬದಿಯ ಸ್ಪ್ರಿಂಗ್ ಮಾತ್ರ ಅಲಗನ್ನು ತಡೆಹಿಡಿಯುತ್ತದೆ. ಮೊನೆಯಿಂದ ಚುಚ್ಚಿದರೆ ಅಥವಾ ಬೆನ್ನಿನ ಮೇಲೆ ಒತ್ತಡ ಬಿದ್ದರೆ ಇವು ಬೆರಳಿನ ಮೇಲೆ ಮುಚ್ಚಿಕೊಳ್ಳಬಹುದು. ಒಪಿನೆಲ್ ಚಾಕುವಿಗೆ 1955ರಲ್ಲಿ ಸೇರಿಸಿದ ತಿರುಗುವ ಉಂಗುರದಂತಹ ಬೀಗವಿದ್ದರೆ ಈ ಅಪಾಯ ತಗ್ಗುತ್ತದೆ.

ಹಿಡಿ: ಒದ್ದೆ ಕೈಗೆ ಜಾರದಂತಿರಬೇಕು. ನಯಗೊಳಿಸಿದ ಲೋಹಕ್ಕಿಂತ ಮರ ಅಥವಾ ಒರಟು ಮೇಲ್ಮೈಯ ಪ್ಲಾಸ್ಟಿಕ್ ಮಳೆಗಾಲಕ್ಕೆ ಉತ್ತಮ. ನೆಲಕ್ಕೆ ಬಿದ್ದಾಗ ಬೇಗ ಕಣ್ಣಿಗೆ ಬೀಳುವ ಬಣ್ಣವಿದ್ದರೆ ತರಗೆಲೆಗಳ ನಡುವೆ ಹುಡುಕುವುದು ಸುಲಭ.

ಕಾನೂನು

ಭಾರತದ ಆಯುಧ ಅಧಿನಿಯಮ, 1959ರ 2ನೇ ಕಲಮಿನ ವ್ಯಾಖ್ಯೆಯಂತೆ ಆಕ್ರಮಣಕ್ಕೆ ಅಥವಾ ರಕ್ಷಣೆಗೆ ಆಯುಧವಾಗಿ ರೂಪಿಸಿದ ವಸ್ತುಗಳು ‘ಆಯುಧ’ಗಳಾಗುತ್ತವೆ. ಹರಿತ ಅಲಗಿನ ಆಯುಧಗಳೂ ಇದರಲ್ಲಿ ಸೇರಿವೆ. ಕೇವಲ ಗೃಹಬಳಕೆಗೆ ಅಥವಾ ಕೃಷಿಗೆ ರೂಪಿಸಿದ ವಸ್ತುಗಳನ್ನು ಈ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. 1962ರ ಆಯುಧ ನಿಯಮಗಳ ಅನುಸೂಚಿಯು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಹೆಸರಿಸಿ, ಗೃಹ, ಕೃಷಿ, ವೈಜ್ಞಾನಿಕ ಮತ್ತು ಕೈಗಾರಿಕಾ ಬಳಕೆಯವುಗಳನ್ನು ಬಿಟ್ಟಿತ್ತು.

ಆದರೂ ಅಲಗು ಚಿಕ್ಕದು ಎಂಬ ಕಾರಣದಿಂದಲೇ ಎಲ್ಲೆಡೆಯೂ ಒಯ್ಯಬಹುದು ಎಂದಲ್ಲ. ಬೆದರಿಸಲು ಬಳಸಿದರೆ ಯಾವುದೇ ಚಾಕು ಅಪರಾಧದ ಸಾಧನವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನ (ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಮು) ಅಡಿಯಲ್ಲಿ ಹೊರಡಿಸುವ ನಿಷೇಧಾಜ್ಞೆಗಳಲ್ಲಿ ಮಾರಕ ವಸ್ತುಗಳನ್ನು ಒಯ್ಯುವುದನ್ನು ತಡೆಯುವುದುಂಟು. ವಿಮಾನಯಾನದಲ್ಲಿ ಚಾಕುವನ್ನು ಕೈಚೀಲದಲ್ಲಿ ಇಡುವಂತಿಲ್ಲ; ಒಪ್ಪಿಸುವ ಸಾಮಾನಿನಲ್ಲಿ ಇಡಬೇಕು. ತೋಟದಿಂದ ನೇರವಾಗಿ ಪೇಟೆಗೆ, ನ್ಯಾಯಾಲಯಕ್ಕೆ ಅಥವಾ ಶಾಲೆಗೆ ಹೋಗುವವರು ಚಾಕುವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಒಳಿತು.

ಬಳಕೆ ಮತ್ತು ನಿರ್ವಹಣೆ

ಮೊಂಡು ಅಲಗಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹೆಚ್ಚಿದಷ್ಟೂ ಜಾರುವ ಸಂಭವ ಹೆಚ್ಚು. ಆದ್ದರಿಂದ ಸಾಣೆಕಲ್ಲಿನ ಮೇಲೆ ಪ್ರತಿ ಬದಿಗೂ ಸುಮಾರು 15–20 ಡಿಗ್ರಿ ಕೋನದಲ್ಲಿ ಮಸೆಯಬೇಕು. ಬಳಸಿದ ನಂತರ ತೊಳೆದು, ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಹಾಕಬೇಕು. ಹಣ್ಣು ಹೆಚ್ಚುವ ಚಾಕುವಿಗೆ ಅಡುಗೆ ಎಣ್ಣೆಯೇ ಸೂಕ್ತ. ಕತ್ತರಿಸುವಾಗ ಅಲಗು ದೇಹದಿಂದ ಹೊರಕ್ಕೆ ಚಲಿಸಬೇಕು. ಇನ್ನೊಬ್ಬರಿಗೆ ಕೊಡುವಾಗ ಚಾಕುವನ್ನು ಮಡಿಚಿಯೇ ಕೊಡಬೇಕು. ಗಾಯವಾದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ಮಣ್ಣು ತಗಲಿದ ಅಲಗಿನಿಂದಾದ ಗಾಯಕ್ಕೆ ಧನುರ್ವಾಯು ಲಸಿಕೆಯ ಅಗತ್ಯವಿದೆಯೇ ಎಂದು ವೈದ್ಯರನ್ನು ವಿಚಾರಿಸಬೇಕು.

ಇವನ್ನೂ ನೋಡಿ

• ಅಡಕೆ
• ಈಳಿಗೆ ಮಣೆ
• ಪೀಚೆಕತ್ತಿ
• ಸಾಣೆಕಲ್ಲು