ಮೊದಲ ಗೇಮಿಂಗ್ ಕಂಪ್ಯೂಟರ್: ಬಿಡಿಭಾಗಗಳ ಹೊಂದಾಣಿಕೆ ಮತ್ತು ವೆಚ್ಚದ ಲೆಕ್ಕ

ಹತ್ತಿ, ಭತ್ತಗಳ ವಹಿವಾಟನ್ನೇ ನೆಚ್ಚಿರುವ ವಡಗೇರಾದಲ್ಲಿ 70,000 ರೂಪಾಯಿ ಅಲ್ಪ ಮೊತ್ತವಲ್ಲ. ಮಗನ ಇಚ್ಛೆಯಂತೆ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ವರ್ತಕನೊಬ್ಬನು ಈ ಹಣವನ್ನು ತೆಗೆದಿರಿಸಿದ್ದಾನೆಂದು ಭಾವಿಸಬಹುದು. ಬಿಡಿಭಾಗಗಳಿಗೆ ಆತನು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ ಬೆಂಗಳೂರಿನ ಎಸ್.ಪಿ. ರಸ್ತೆಗೋ ತೆರಳಬೇಕು, ಇಲ್ಲವೇ ಅಂತರ್ಜಾಲದ ಮೂಲಕ ತರಿಸಬೇಕು. ಒಂದು ಭಾಗ ಹೊಂದದಿದ್ದರೂ ಉಳಿದ ಬಂಡವಾಳವೆಲ್ಲ ನಿಷ್ಫಲವಾಗಿ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.

ಮೊದಲು ಪರಿಶೀಲಿಸಬೇಕಾದುದು ಪ್ರೊಸೆಸರ್ ಮತ್ತು ಮದರ್‌ಬೋರ್ಡ್‌ಗಳ ಸಾಕೆಟ್. ಎಎಂಡಿಯ ರೈಜನ್ 5 5600 ಎಎಂ 4 ಸಾಕೆಟ್ಟಿಗೆ ಸೇರಿದ್ದು, ಡಿಡಿಆರ್ 4 ಮೆಮೊರಿಯನ್ನು ಬಯಸುತ್ತದೆ. ರೈಜನ್ 5 7600 ಎಎಂ 5 ಸಾಕೆಟ್ಟಿನದು. ಅದಕ್ಕೆ ಡಿಡಿಆರ್ 5 ಮಾತ್ರ ಸಲ್ಲುತ್ತದೆ. ಇಂಟೆಲ್‌ನ 12ರಿಂದ 14ನೆಯ ಪೀಳಿಗೆಯವು ಎಲ್‌ಜಿಎ 1700ರಲ್ಲಿ ಕೂರುತ್ತವೆ. ಅಲ್ಲಿ ಮೆಮೊರಿಯ ಬಗೆಯನ್ನು ಮದರ್‌ಬೋರ್ಡ್ ನಿರ್ಧರಿಸುತ್ತದೆ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರಿಗೆ ಅಂತರ್ಗತ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಇಲ್ಲದೆ ಪರದೆಯಲ್ಲಿ ಚಿತ್ರ ಮೂಡದು. ಕಾರ್ಡಿನ ಉದ್ದ ಹಾಗೂ ಕೂಲರಿನ ಎತ್ತರವು ಕ್ಯಾಬಿನೆಟ್ಟಿನ ಅಳತೆಯೊಳಗಿರಬೇಕು.

ಆಟದ ವೇಗವನ್ನು ಬಹುಪಾಲು ನಿರ್ಧರಿಸುವುದು ಗ್ರಾಫಿಕ್ಸ್ ಕಾರ್ಡ್. ಆದುದರಿಂದ ಮೊತ್ತದ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನೇ ಅದಕ್ಕೆ ಮೀಸಲಿಡುವುದು ಯುಕ್ತ. ಬಣ್ಣದ ದೀಪಗಳಿಗೆ, ದುಬಾರಿ ಮದರ್‌ಬೋರ್ಡಿಗೆ ತೆತ್ತ ಹಣದಿಂದ ವೇಗ ಹೆಚ್ಚದು. 16 ಜಿಬಿ ಮೆಮೊರಿಯನ್ನು 8 ಜಿಬಿಯ ಎರಡು ಪಟ್ಟಿಗಳಾಗಿ ಕೊಳ್ಳುವುದು ಲೇಸು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಆದ್ದರಿಂದ ಹಳೆಯ ದರಪಟ್ಟಿಯನ್ನು ನಂಬಿ ಆಯವ್ಯಯ ರೂಪಿಸಬಾರದು.

ಮಿತವ್ಯಯದ ಹೆಸರಿನಲ್ಲಿ ಕಡೆಗಣಿಸಬಾರದ ಭಾಗವೆಂದರೆ ಪವರ್ ಸಪ್ಲೈ. ಪ್ರೊಸೆಸರಿಗೆ 90, ಕಾರ್ಡಿಗೆ 150, ಉಳಿದವಕ್ಕೆ 60 ವ್ಯಾಟ್ ಎಂದರೆ ಒಟ್ಟು 300 ಆಗುತ್ತದೆ. ಇದಕ್ಕೆ ಪ್ರಮಾಣಿತ ಕಂಪನಿಯ 550 ವ್ಯಾಟಿನದು ಸಾಕು. ಯುಪಿಎಸ್ ಕೊಳ್ಳುವಾಗ ವಿಎ ಮತ್ತು ವ್ಯಾಟ್ ಒಂದೇ ಅಲ್ಲವೆಂಬುದನ್ನು ಮರೆಯಲಾಗದು; 1000 ವಿಎ ಎಂದು ಬರೆದಿರುವುದು ಅನೇಕ ವೇಳೆ 600 ವ್ಯಾಟ್ ಮಾತ್ರ ನೀಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಯಾದಗಿರಿ ಜಿಲ್ಲೆಯಲ್ಲಿ ಗಾಳಿಯಾಡುವ ಕ್ಯಾಬಿನೆಟ್ ಮತ್ತು ಧೂಳಿನ ಜಾಲರಿ ಅಲಂಕಾರವಲ್ಲ, ಅವಶ್ಯಕತೆ.

ಇನ್ನು ತೆರಿಗೆಯ ವಿಷಯ. ಶೇಕಡಾ 18ರ ಜಿಎಸ್‌ಟಿ ಸೇರಿ 70,000 ರೂಪಾಯಿ ಆದಲ್ಲಿ, ಅದರಲ್ಲಿ ತೆರಿಗೆಯೇ 10,678 ರೂಪಾಯಿ. ಇದನ್ನು ಉಳಿಸಲು ಬಿಲ್ ಇಲ್ಲದೆ ಕೊಂಡವರು ವಾರಂಟಿಯನ್ನೂ ಕಳೆದುಕೊಳ್ಳುವ ಸಂಭವವಿದೆ. ಮಗನ ಆಟಕ್ಕೆ ಮಾತ್ರ ಬಳಸುವ ಯಂತ್ರಕ್ಕೆ ಹೂಡುವಳಿ ತೆರಿಗೆ ಜಮೆಯೂ ಸವಕಳಿಯೂ ಸಲ್ಲವು. ಅಂಗಡಿಯ ಲೆಕ್ಕಕ್ಕೂ ಬಳಸಿದಲ್ಲಿ ಆ ಪ್ರಮಾಣದಷ್ಟು ಮಾತ್ರ ಕೇಳಬಹುದು. ಆದರೆ ತೆಲಂಗಾಣದ ರಾಜ್ಯ ಜಿಎಸ್‌ಟಿ ವಿಧಿಸಿದ ಬಿಲ್ಲಿನ ಜಮೆ ಕರ್ನಾಟಕದ ನೋಂದಾಯಿತ ವರ್ತಕನಿಗೆ ದೊರೆಯದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೂ ಜಮೆ ಇಲ್ಲ.

ಪಟ್ಟಿಯನ್ನು ಮೊದಲು ಕಾಗದದ ಮೇಲೆ ಬರೆದು, ಸಾಕೆಟ್, ಮೆಮೊರಿ, ಅಳತೆ, ವ್ಯಾಟ್ ಎಂಬ ನಾಲ್ಕನ್ನೂ ತಾಳೆ ನೋಡಿದ ನಂತರವೇ ಹಣ ಪಾವತಿಸುವುದು ಕ್ಷೇಮ. ಖಾತೆಗೂ ಯಂತ್ರಕ್ಕೂ ಅನ್ವಯಿಸುವ ನಿಯಮ ಒಂದೇ: ತಾಳೆಯಾಗದ ಬಾಬ್ತನ್ನು ಮುಂದಕ್ಕೆ ಒಯ್ಯಬಾರದು.