ಹೆಣ್ಣುಮಕ್ಕಳ ಆರೋಗ್ಯ: ಮನೆಮದ್ದು ಎಲ್ಲಿಯವರೆಗೆ?

ರೋಗವನ್ನು ಇಳಿಸಿದ ಅಲ್ಲಾಹನು ಅದಕ್ಕೆ ಮದ್ದನ್ನೂ ಇಳಿಸಿದ್ದಾನೆ, ಆದ್ದರಿಂದ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಪ್ರವಾದಿ(ಸ) ಕಲಿಸಿದರು. ವೈದ್ಯ ತಿಳಿಯದವನು ಮದ್ದು ಕೊಟ್ಟು ಹಾನಿಯಾದರೆ ಅದಕ್ಕೆ ಅವನೇ ಹೊಣೆ ಎಂದೂ ಎಚ್ಚರಿಸಿದರು. ಈ ಎರಡೂ ಮಾತುಗಳನ್ನು ಮುಂದಿಟ್ಟುಕೊಂಡು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೊಡುವ ಮದ್ದುಗಳನ್ನು ನೋಡೋಣ.

ಮುಟ್ಟಿನ ಹೊಟ್ಟೆನೋವಿಗೆ ಶುಂಠಿ ಕಷಾಯ ಹಳೆಯ ರೂಢಿ. ಇದಕ್ಕೆ ಆಧಾರವಿದೆ. ಮುಟ್ಟಿನ ಮೊದಲ ಮೂರು ನಾಲ್ಕು ದಿನ, ದಿನಕ್ಕೆ 750ರಿಂದ 2000 ಮಿಲಿಗ್ರಾಂ ಶುಂಠಿ ಪುಡಿ ಸೇವಿಸಿದವರಿಗೆ ನೋವು ಕಡಿಮೆಯಾದದ್ದು ಹಲವು ಸಣ್ಣ ಪ್ರಯೋಗಗಳಲ್ಲಿ ಕಂಡಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.

ಬಾಣಂತಿಗೆ ಹಾಲು ಹೆಚ್ಚಲೆಂದು ಮೆಂತ್ಯ ಗಂಜಿ ಕೊಡುತ್ತೇವೆ. ಅಡುಗೆಯ ಪ್ರಮಾಣದಲ್ಲಿ ಅದು ಒಳ್ಳೆಯ ಆಹಾರ. ಆದರೆ ಹಾಲು ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಮಗುವಿಗೆ ಆಗಾಗ ಹಾಲೂಡಿಸುವುದೇ ಹಾಲು ಹೆಚ್ಚುವ ಮುಖ್ಯ ದಾರಿ.

ಕಲೋಂಜಿಯ ಕುರಿತ ಹದೀಸ್ ನಮಗೆಲ್ಲ ಗೊತ್ತು. ಅಲ್ಲಿ ಸಾಮಾನ್ಯವಾಗಿ ಹೇಳಿದ್ದರೂ ಉದ್ದೇಶಿಸಿರುವುದು ಕೆಲವು ಬಗೆಯ ರೋಗಗಳನ್ನು ಎಂದು ಇಮಾಮ್ ಖತ್ತಾಬಿಯವರು ವಿವರಿಸಿದ್ದಾರೆ. ಅಡುಗೆಯಲ್ಲಿ ಚಿಟಿಕೆ ಹಾಕುವುದು ಬೇರೆ, ಗರ್ಭಿಣಿ ಅದರ ಎಣ್ಣೆಯನ್ನು ಚಮಚಗಟ್ಟಲೆ ಕುಡಿಯುವುದು ಬೇರೆ. ಅಷ್ಟು ಪ್ರಮಾಣ ಗರ್ಭಕ್ಕೆ ಸುರಕ್ಷಿತವೆಂದು ಸಾಬೀತಾಗಿಲ್ಲ.

ಹೆಚ್ಚು ಭಯವಿರುವುದು ಒಳಗೇನಿದೆ ಎಂದು ತಿಳಿಯದ ಪುಡಿ, ಗುಳಿಗೆಗಳಲ್ಲಿ. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ, ಭಾರತದಲ್ಲಿ ತಯಾರಾದ ಆಯುರ್ವೇದ ಔಷಧ ಸೇವಿಸಿದ್ದ 6 ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷ ಪತ್ತೆಯಾಯಿತು. ಸೀಸವು ತಾಯಿಯಿಂದ ಗರ್ಭದ ಮಗುವನ್ನೂ ಸೇರಿ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ‘ಗಿಡಮೂಲಿಕೆ, ಏನೂ ಆಗದು’ ಎಂಬ ಮಾತನ್ನು ನಂಬಿ ಕೊಳ್ಳಬೇಡಿ.

ಕೆಲವು ಲಕ್ಷಣಗಳಿಗೆ ಮನೆಮದ್ದು ಮಾಡುತ್ತಾ ಕೂರಲೇಬಾರದು: ಗಂಟೆಗೊಂದು ಪ್ಯಾಡ್ ತೋಯುವಷ್ಟು ಅಥವಾ ಏಳು ದಿನ ಮೀರಿದ ರಕ್ತಸ್ರಾವ, ಗರ್ಭಿಣಿಗೆ ರಕ್ತ ಕಾಣುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಹೋಗುವುದು, ಜ್ವರದ ಜೊತೆ ದುರ್ವಾಸನೆಯ ಸ್ರಾವ. ಮುಟ್ಟು ನಿಂತ ಮೇಲಿನ ರಕ್ತ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ತಡಮಾಡಿದಷ್ಟೂ ಚಿಕಿತ್ಸೆ ಕಷ್ಟ.

ಸಹೋದರಿಯರೇ, ದೀನಿನ ತಿಳುವಳಿಕೆ ಪಡೆಯಲು ಅನ್ಸಾರಿ ಸ್ತ್ರೀಯರಿಗೆ ನಾಚಿಕೆ ಅಡ್ಡಿಯಾಗಲಿಲ್ಲ ಎಂದು ಹಝ್ರತ್ ಆಯಿಶಾ(ರ) ಅವರನ್ನು ಹೊಗಳಿದ್ದಾರೆ. ಅವರು ಮುಟ್ಟಿನ ವಿಷಯವನ್ನೂ ಕೇಳಿ ತಿಳಿದವರು. ವೈದ್ಯರ ಮುಂದೆ ನೀವೂ ಹಾಗೆಯೇ ಬಾಯಿಬಿಟ್ಟು ಹೇಳಿ. ಸಹೋದರರೇ, ಪತ್ನಿಯೋ ಮಗಳೋ ಹೇಳಿದಾಗ ಖರ್ಚಿನ ಲೆಕ್ಕ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅವರು ನಿಮಗೆ ಒಪ್ಪಿಸಲಾದ ಅಮಾನತ್ತು.